ಬಿಟ್ಟು ಹ್ವಾದ್ರ ದ್ರೋಹ, ಹೊರಗ ಹಾಕಿದ್ರ ವ್ಯವಹಾರ?

ಹಿಂದಿನ ಸಲ ಗುರೆಳ್ಳ ಚಟ್ನಿ ಬಗ್ಗೆ ಬರದಾಗ ಭಾಳ ಮಂದಿ ಫೋನ್ ಮಾಡಿದ್ರಿ, ಖುಷಿ ಆತು. ಈ ಸಲ ಅಡಗಿ ಮನಿ ಬಿಟ್ಟು ಸ್ವಲ್ಪ ಹೊರಗ ಬಂದೇನಿ. ಸ್ವಲ್ಪ ಅಂದ್ರ ಅಮೇರಿಕಾದ ಡಲ್ಲಾಸ್ ತನಕಾ! ಬಾಸ್ಕೆಟ್‌ಬಾಲ್ ಬಗ್ಗೆ ಬರಿಯಾಕಿ ಇದ್ದೇನಿ. "ಇಕಿಗೇನು ಗೊತ್ತಾಗತದ ಅದು" ಅಂತ ನಗಬ್ಯಾಡ್ರಿ. ಕಡೀತನಕ ಓದ್ರಿ, ಆಮ್ಯಾಲೆ ನಗ್ರಿ.

ನಮ್ಮ ಮಗಾ ಸೊಸಿ ಡಲ್ಲಾಸ್ ಹತ್ರ ಇರೂದು ನಿಮಗೆಲ್ಲಾ ಗೊತ್ತದ. ಅಲ್ಲೆ ಆರು ತಿಂಗಳಿದ್ದಾಗ ಮಗನ ಜೋಡಿ ಕೂತು ನೋಡಿ ನೋಡಿ ನಂಗೂ ಈ ಆಟದ ಹುಚ್ಚು ಹತ್ತಿತು. ಡಲ್ಲಾಸ್ ಮ್ಯಾವರಿಕ್ಸ್ ಅಂತ ಅವರೂರ ಟೀಮು. ಈಗಂತೂ ಚಳಿಗಾಲದಾಗ ನಮಗ ಮುಂಜಾನೆ ಏಳರ ಸುಮಾರಕ್ಕ ಅವರ ಮ್ಯಾಚ್ ಚಾಲೂ ಆಗತದ. ಒಂದು ಕಡೆ ಅವಲಕ್ಕಿ ಒಗ್ಗರಣಿ, ಇನ್ನೊಂದು ಕಡೆ ಮೊಬೈಲ್ ಗ್ವಾಡಿಗೆ ಆನಿಸಿ ಇಟ್ಟಿರತೇನಿ. ನಮ್ಮನಿಯವರು "ಯಾರು ಗೆದ್ರು?" ಅಂತ ಕೇಳೂದಿಲ್ಲ, "ಚಹಾ ಆತೇನು?" ಅಂತ ಕೇಳತಾರ. ಇರ್ಲಿ.

ನಾ ಹೇಳಬೇಕಂದಿದ್ದು ಒಂದ ಮಾತು. ಈ ಆಟದಾಗ ಆಟಗಾರ ಟೀಮ್ ಬಿಟ್ಟು ಹ್ವಾದ್ರ "ದ್ರೋಹಿ" ಅಂತಾರ. ಟೀಮಿನವರ ಆಟಗಾರನ್ನ ಹೊರಗ ಹಾಕಿದ್ರ "ಅದು ವ್ಯವಹಾರ ಬಿಡ್ರಿ" ಅಂತಾರ. ನಿಷ್ಠಾ ಅನ್ನೋದು ಒಂದ ಕಡಿಂದ ಕೇಳೂದು ಯಾವ ನ್ಯಾಯ? ಇದು ತಪ್ಪು ಅಂತ ನನ್ನ ಅಭಿಪ್ರಾಯ.

ಮೊದಲ ಆಟದ ವ್ಯವಸ್ಥಾ ಸ್ವಲ್ಪ ಹೇಳತೇನಿ, ಇಲ್ಲಂದ್ರ ಮುಂದಿಂದು ತಿಳಿಯೂದಿಲ್ಲ. ಎನ್‌ಬಿಎ ಅಂತ ಅವರ ದೊಡ್ಡ ಲೀಗು. ಒಟ್ಟು 30 ಟೀಮ್. ಒಂದು ಸೀಜನ್ನಿಗೆ ಒಂದೊಂದು ಟೀಮು 82 ಮ್ಯಾಚ್ ಆಡತದ. ಅದಾದಮ್ಯಾಲೆ ಪ್ಲೇಆಫ್, ಕಡೀಕ ಫೈನಲ್ಸ್. ಹೊಸಾ ಹುಡುಗ್ರನ್ನ ವರ್ಷಕ್ಕೊಮ್ಮೆ ಡ್ರಾಫ್ಟ್ ಅಂತ ಮಾಡಿ ಪಾಳಿ ಪ್ರಕಾರ ಟೀಮಿನವರು ಆರಿಸ್ಕೋತಾರ. ಹುಡುಗಗ ಯಾವ ಊರು ಬೇಕು ಅಂತ ಯಾರೂ ಕೇಳೂದಿಲ್ಲ. ಕರದಲ್ಲೆ ಹೋಗಬೇಕು. ಇನ್ನ ಟ್ರೇಡ್ ಅಂದ್ರ ಅದಲು ಬದಲು. ನಿಮ್ಮವನ್ನ ನಮಗ ಕೊಡ್ರಿ, ನಮ್ಮವನ್ನ ನೀವು ತೊಗೊಳ್ರಿ. ಇದಕ್ಕೂ ಆಟಗಾರನ ಒಪ್ಪಿಗಿ ಬೇಕಾಗಿಲ್ಲ. ಇವತ್ತ ಒಂದೂರಾಗ ಮನಿ, ಮಕ್ಕಳ ಸಾಲಿ ಎಲ್ಲಾ ಇರತದ. ನಾಳೆ ಇನ್ನೊಂದೂರಿಗೆ ವಿಮಾನ ಹತ್ತಬೇಕು.

ಈಗ ಲೂಕಾನ ಕತಿಗೆ ಬರ್ರಿ. ಲೂಕಾ ಡಾನ್ಚಿಚ್ ಅಂತ ಸ್ಲೊವೇನಿಯಾ ದೇಶದ ಹುಡುಗ. 2018ರಾಗ ಡಲ್ಲಾಸಿಗೆ ಬಂದಾಗ ಅವಂಗ ಬರೇ 19 ವರ್ಷ. ಸ್ವಲ್ಪ ಗುಂಡಗ, ಓಡೂದು ನಿಧಾನ, ಜಿಗಿಯೂದೂ ಅಷ್ಟಕ್ಕಷ್ಟ. ಆದ್ರ ತಲಿ ಅಂದ್ರ ತಲಿ! ಎದುರಿನವರು ಎಲ್ಲಿ ಹೊಂಟಾರ ಅನ್ನೋದು ಅವರಿಗಿಂತ ಮೊದಲ ಇವಂಗ ಗೊತ್ತಿರತದ. ನಡೂವ ಗಕ್ಕನ ನಿಂತ, ಎದುರಿನಾಂವ ಮುಂದ ಹ್ವಾದ ಅಂದ್ರ ಸಾವಕಾಶ ಚೆಂಡು ಬುಟ್ಟಿಗೆ ಹಾಕತಾನ. 2024ರ ಜನವರಿಯೊಳಗ ಅಟ್ಲಾಂಟಾ ಟೀಮಿನ ಮ್ಯಾಲೆ ಒಂದ ಮ್ಯಾಚಿನಾಗ 73 ಪಾಯಿಂಟ್ ಹೊಡದ. ಆ ಸೀಜನ್ನಿನಾಗ ಸರಾಸರಿ 33.9 ಪಾಯಿಂಟ್, ಇಡೀ ಲೀಗಿನಾಗ ಎಲ್ಲಾರ್ಕಿಂತ ಜಾಸ್ತಿ. ಅದ ವರ್ಷ ಟೀಮನ್ನ ಫೈನಲ್ಸ್ ತನಕಾ ಒಯ್ದ. ಅಲ್ಲೆ ಬಾಸ್ಟನ್ ಕೈಯಾಗ 4-1ಕ್ಕ ಸೋತ್ರು, ಖರೆ. ಆದ್ರ ಡಲ್ಲಾಸಿನವರು 2011ರ ಮ್ಯಾಲೆ ಫೈನಲ್ಸ್ ಮುಖಾ ನೋಡಿದ್ದ ಆವಾಗ.

ಅದಾಗಿ ಎಂಟು ತಿಂಗಳಿಗೆ ಮಾರಿ ಬಿಟ್ರು!

2025ರ ಫೆಬ್ರವರಿ, ಅವರಿಗೆ ಶನಿವಾರ ರಾತ್ರಿ, ನಮಗ ಭಾನುವಾರ ಮುಂಜಾನೆ. ಲೂಕಾನ್ನ ಲಾಸ್ ಏಂಜಲೀಸ್ ಲೇಕರ್ಸ್ ಟೀಮಿಗೆ ಕೊಟ್ಟು, ಆಂಥನಿ ಡೇವಿಸ್‌ನ ತೊಗೊಂಡಾರ ಅಂತ ಸುದ್ದಿ ಬಂತು. ಸುದ್ದಿ ಕೊಟ್ಟ ಪತ್ರಕರ್ತನ ಖಾತೆನ ಯಾರೋ ಕದ್ದಾರ ಅಂತ ಭಾಳ ಮಂದಿ ತಿಳ್ಕೊಂಡ್ರು, ಅಷ್ಟು ನಂಬಲಾರದ ಮಾತದು. ಲೂಕಾಗ 25 ವರ್ಷ, ಡೇವಿಸ್‌ಗ 31. ಟೀಮಿನ ಕಾರಭಾರ ನೋಡತಿದ್ದ ನಿಕೊ ಹ್ಯಾರಿಸನ್ ಅನ್ನಾಂವ ಕೊಟ್ಟ ಕಾರಣ ಏನಂದ್ರ, ಡಿಫೆನ್ಸ್ ಇದ್ರನ ಕಪ್ ಗೆಲ್ಲೂದು ಅಂತ. ಲೂಕಾ ಮೈ ಕಡೆ ಲಕ್ಷ್ಯ ಕೊಡೂದಿಲ್ಲ ಅನ್ನೋ ಮಾತೂ ಓಡ್ಯಾಡಿತು. ಲೂಕಾಗ ಮಾತ್ರ ಮುಂಚೆ ಒಂದು ಮಾತೂ ಹೇಳಿದ್ದಿಲ್ಲ. ಕಾಲಿನ ಮೀನಖಂಡ ನೋವಾಗಿ ಡಿಸೆಂಬರ್‌ದಿಂದ ಅಂವ ಆಟ ಬಿಟ್ಟು ಕೂತಿದ್ದ, ಅಂಥಾ ಹೊತ್ತಿನಾಗ.

ನಿಮಗ ಹೆಂಗ ತಿಳಿಸಿ ಹೇಳ್ಲಿ? ಕೊಹ್ಲಿನ್ನ ಆರ್‌ಸಿಬಿಯವರು ರಾತ್ರೋರಾತ್ರಿ ಮುಂಬೈ ಟೀಮಿಗೆ ಕೊಟ್ರು, ಕೊಹ್ಲಿಗೂ ಗೊತ್ತಿಲ್ಲ ಅಂತ ತಿಳ್ಕೊಳ್ರಿ. ಬೆಂಗಳೂರಾಗ ಏನಾಗ್ತಿತ್ತು? ಡಲ್ಲಾಸಿನಾಗೂ ಅದ ಆತು. ಮರುದಿನ ಮಂದಿ ಸ್ಟೇಡಿಯಮ್ ಮುಂದ ಬಂದು ಹೂವಿಟ್ರು, ಕೆಲವರು ಶವಪೆಟ್ಟಿಗಿನೂ ತಂದಿಟ್ರು. ಹ್ಯಾರಿಸನ್ನನ್ನ ತಗೀರಿ ಅಂತ ಮ್ಯಾಚಿನ ನಡೂವ ಒದರೂದು ತಿಂಗಳಾನುಗಟ್ಟಲೆ ನಡೀತು.

ಅವರು ಹೂವಿಟ್ಟಿದ್ದು ಎಲ್ಲೆ ಗೊತ್ತೇನು? ಡರ್ಕ್ ನೊವಿಟ್ಸ್ಕಿ ಮೂರ್ತಿ ಕಾಲಿನ ಹತ್ರ.

ಡರ್ಕ್ ಜರ್ಮನಿಯಾಂವ. 1998ರಿಂದ 2019ರ ತನಕಾ 21 ಸೀಜನ್ ಡಲ್ಲಾಸ್ ಒಂದ ಟೀಮಿಗೆ ಆಡಿದ. ಒಂದ ಟೀಮಿಗೆ ಇಷ್ಟು ಸೀಜನ್ ಆಡಿದಾಂವ ಇಡೀ ಎನ್‌ಬಿಎ ಇತಿಹಾಸದಾಗ ಅವನೊಬ್ಬನ. 2007ರಾಗ ಲೀಗಿನಾಗ ಎಲ್ಲಾರ್ಕಿಂತ ಜಾಸ್ತಿ ಮ್ಯಾಚ್ ಗೆದ್ದು, ಪ್ಲೇಆಫ್ ಮೊದಲನೇ ಸುತ್ತಿನಾಗ ಸೋತು ನಾಚ್ಕಿ ಆಗುವಂಗಾಗಿತ್ತು. ಟೀಮಿನವರು ಅವನ್ನ ಮಾರಲಿಲ್ಲ, ಅವನೂ ಓಡಿ ಹೋಗಲಿಲ್ಲ. ನಾಕು ವರ್ಷಕ್ಕ, 2011ರಾಗ, ಕಪ್ ತಂದು ಕೊಟ್ಟ. 2014ರಾಗ ಬ್ಯಾರೆ ಟೀಮಿನವರು ದೊಡ್ಡ ರೊಕ್ಕ ಕೊಡಾಕ ತಯಾರಿದ್ರೂ 3 ವರ್ಷಕ್ಕ ಬರೇ 2.5 ಕೋಟಿ ಡಾಲರಿಗೆ ಡಲ್ಲಾಸಿನಾಗ ಉಳ್ಕೊಂಡ. ಬರೇ ಅಂದ್ರ ಅವರ ಲೆಕ್ಕದಾಗ್ರಿ, ನಮ್ಮ ಲೆಕ್ಕದಾಗ ಅಲ್ಲ! ಉಳದ ರೊಕ್ಕದಾಗ ಛೊಲೊ ಜೊತೆಗಾರರನ್ನ ತರ್ಲಿ ಅಂತ. 2022ರ ಕ್ರಿಸ್ಮಸ್ ದಿವಸ ಸ್ಟೇಡಿಯಮ್ ಮುಂದ ಅವನ ಮೂರ್ತಿ ನಿಲ್ಲಿಸಿದ್ರು. ನಿಷ್ಠಾ ಎಂದೂ ಮಾಸೂದಿಲ್ಲ ಅನ್ನೋ ಅರ್ಥದ ಮಾತು ಅದರ ಬುಡಕ್ಕ ಕೆತ್ಯಾರ.

ಅದ ಮೂರ್ತಿ ಮುಂದಿನ ಬಾಗಿಲದಿಂದ ಲೂಕಾನ್ನ ಹೊರಗ ಹಾಕಿದ್ರು. ಕಲ್ಲಿನಾಗ ಬರಸೂದು ಸರಳ ನೋಡ್ರಿ.

ಈಗ ತಿರುಗಾ ಮುರುಗಾ ಮಾಡಿ ನೋಡೂಣು. ಆಟಗಾರನ ಬಿಟ್ಟು ಹ್ವಾದ್ರ ಏನಾಗತದ? ಲೆಬ್ರಾನ್ ಜೇಮ್ಸ್ ಹೆಸರು ಕೇಳಿರಬೇಕು ನೀವು, ನಿಮ್ಮ ಮನಿ ಹುಡುಗ್ರಿಗೆ ಕೇಳಿದ್ರ ಹೇಳತಾರ. ಕ್ಲೀವ್‌ಲ್ಯಾಂಡ್ ಟೀಮಿಗೆ 7 ವರ್ಷ ಆಡಿ, ಕರಾರು ಮುಗದಮ್ಯಾಲೆ 2010ರ ಜುಲೈದಾಗ ಮಯಾಮಿಗೆ ಹೋಗತೇನಿ ಅಂದ. ಕರಾರು ಮುರೀಲಿಲ್ಲ, ಮುಗದಿತ್ತು. ಟಿವಿ ಒಳಗ ಒಂದು ಕಾರ್ಯಕ್ರಮನ ಇಟ್ಟು ಹೇಳಿದ. ಅದು ಶೋಭಾ ಇರಲಿಲ್ಲ, ನಾನೂ ಒಪ್ಪತೇನಿ. ಆದ್ರ ಆಮ್ಯಾಲೆ ಆಗಿದ್ದು? ಊರಾಗ ಅವನ ಜರ್ಸಿ ಬೀದಿಯೊಳಗ ಸುಟ್ರು. ಟೀಮಿನ ಮಾಲಕನ ಎಲ್ಲಾರಿಗೂ ಕಾಣುವಂಗ ಸಿಟ್ಟಿನ ಪತ್ರಾ ಬರದ. 2016ರಾಗ ಕೆವಿನ್ ಡ್ಯುರಾಂಟ್ ಓಕ್ಲಹೋಮಾ ಬಿಟ್ಟು ಗೋಲ್ಡನ್ ಸ್ಟೇಟ್ ಟೀಮಿಗೆ ಹ್ವಾದಾಗೂ ಇದ ಹಾಡು, ಇದ ಬೆಂಕಿ. ಅವಂಗ ಇವತ್ತಿಗೂ ಮಂದಿ ಅಂತನ ಇರತಾರ.

ಲೆಬ್ರಾನ್ 2014ರಾಗ ಹೊಳ್ಳಿ ಕ್ಲೀವ್‌ಲ್ಯಾಂಡಿಗೆ ಬಂದು, 2016ರಾಗ ಆ ಊರಿಗೆ ಕಪ್ ಗೆದ್ದು ಕೊಟ್ಟ. ಅದೂ ಹೆಂಗ? ಫೈನಲ್ಸ್‌ದಾಗ 3-1ರಿಂದ ಹಿಂದ ಬಿದ್ದಿದ್ರು, ಎದುರಿಗೆ ಆ ವರ್ಷ 73 ಮ್ಯಾಚ್ ಗೆದ್ದ ಟೀಮು. ಜರ್ಸಿ ಸುಟ್ಟವರು ಅವತ್ತ ಹೊಸಾ ಜರ್ಸಿ ಕೊಂಡಿರಬೇಕು, ಏನಂತೀರಿ?

ಇನ್ನ ಬಾಸ್ಟನ್ನಿಂದು ಹೇಳತೇನಿ, ಇದು ನನ್ನ ಹೊಟ್ಟ್ಯಾಗ ಸಂಕಟ ಮಾಡಿದ್ದು. ಐಸಾಯಾ ಥಾಮಸ್ ಅಂತ ಸಣ್ಣ ಆಳು. 5 ಅಡಿ 9 ಇಂಚು, ಈ ಆಟದಾಗ ಅದು ಏನೇನೂ ಅಲ್ಲ. 2011ರ ಡ್ರಾಫ್ಟಿನಾಗ ಕಟ್ಟ ಕಡೀಕ, 60ನೇ ನಂಬರಿಗೆ ಆರಿಸಿದ್ದು ಅವನ್ನ. 2017ರ ಹೊತ್ತಿಗೆ ಬಾಸ್ಟನ್ನಿನ ದೊಡ್ಡ ಆಟಗಾರ ಆಗಿದ್ದ, ಸರಾಸರಿ 28.9 ಪಾಯಿಂಟ್. ಏಪ್ರಿಲ್ ತಿಂಗಳದಾಗ ಪ್ಲೇಆಫ್ ಚಾಲೂ ಆಗೂ ಹಿಂದಿನ ದಿವಸ ಅವನ ತಂಗಿ ಕಾರ್ ಅಪಘಾತದಾಗ ತೀರ್ಕೊಂಡ್ಲು. ಮರುದಿನ ಅಂವ ಅಳಕೋತನ ಆಡಿದ. ಮೇ 2ಕ್ಕ ಅಕಿ ಹುಟ್ಟಿದ ದಿವಸ ಇತ್ತು, ಅವತ್ತ ವಾಷಿಂಗ್ಟನ್ ಟೀಮಿನ ಮ್ಯಾಲೆ 53 ಪಾಯಿಂಟ್ ಹೊಡದು ಗೆಲ್ಲಿಸಿದ. ಆ ಪ್ಲೇಆಫಿನಾಗ ಹಲ್ಲು ಹೋತು, ಸೊಂಟದ ಕೀಲು ಕೆಟ್ಟು ಕಡೀಕ ಆಡಲಾರದಂಗಾತು. ಆಗಸ್ಟದಾಗ ಟೀಮಿನವರು ಅವನ್ನ ಕೊಟ್ಟು ಕೈರಿ ಅರ್ವಿಂಗ್‌ನ ತೊಗೊಂಡ್ರು. ಥಾಮಸ್‌ನ ಸೊಂಟ ಮೊದಲಿನಂಗ ಆಗಲೇ ಇಲ್ಲ, ಆಟಾನೂ ಆಗಲಿಲ್ಲ.

ಅದಾಗಿ ಎರಡು ವರ್ಷಕ್ಕ ಕೈರಿ ಬಾಸ್ಟನ್ ಬಿಟ್ಟು ಬ್ರೂಕ್ಲಿನ್‌ಗೆ ಹ್ವಾದ. ಇಲ್ಲೇ ಇರತೇನಿ ಅಂತ ಮಂದಿ ಮುಂದ ಹೇಳಿ ಹ್ವಾದ, ಸಿಟ್ಟು ಬರೂದು ಸಹಜ. ಆದ್ರ 2021ರಾಗ ಅಲ್ಲೆ ಆಡಾಕ ಬಂದಾಗ ಒಬ್ಬಾಂವ ಅವನ ತಲಿ ಕಡೆ ನೀರಿನ ಬಾಟ್ಲಿ ಒಗದ! ಥಾಮಸ್‌ನ ಮಾರಿದವರ ಕಡೆ ಯಾರೂ ಬಾಟ್ಲಿ ಒಗದಿದ್ದು ನಾ ಕೇಳಿಲ್ಲ. ಒಗೀಬೇಕಿತ್ತು ಅನ್ನೂದಿಲ್ಲ ಮತ್ತ. ಯಾರ ಮ್ಯಾಲೂ ಒಗೀಬಾರದು. ತಕ್ಕಡಿ ಎಲ್ಲಿ ಬಾಗೇದ ಅಷ್ಟ ನೋಡ್ರಿ ಅಂತೇನಿ.

ಈ ತಕ್ಕಡಿ ನಮಗೇನು ಹೊಸಾದಲ್ಲ. ಸೊಸಿ ಬ್ಯಾರೆ ಮನಿ ಮಾಡತೇನಿ ಅಂದ್ರ "ಮನಿ ಮುರದ್ಲು" ಅಂತಾರ. ಮನಿಯವರ ಅಕಿನ್ನ ತೌರಿಗೆ ಕಳಿಸಿ ಕೈ ತೊಳಕೊಂಡ್ರ "ಹೊಂದಾಣಿಕಿ ಆಗಲಿಲ್ರಿ" ಅಂತಾರ, ಮುಗೀತು. ನಮ್ಮ ಓಣ್ಯಾಗ ಒಬ್ಬರು ಇದ್ರು, ಒಂದ ಕಾರಖಾನಿಯೊಳಗ 22 ವರ್ಷ ದುಡದವರು. ಒಂದಿನ ಮುಂಜಾನೆ ಹೋದ್ರ ಗೇಟಿನಾಗನ ಕಾಗದಾ ಕೈಗೆ ಕೊಟ್ರು. ಅದ ಕಾರಖಾನಿಯಾಗ ಒಬ್ಬ ಹುಡುಗ ಹೆಚ್ಚಿನ ಪಗಾರ ಸಿಕ್ತು ಅಂತ ಬಿಟ್ಟು ಹ್ವಾದಾಗ "ನಿಯತ್ತಿಲ್ಲದಾಂವ" ಅಂತ ಮಾತಾಡಿದವರು, ಇವರನ್ನ ತಗದಾಗ "ಕಂಪನಿಗೂ ಕಷ್ಟ ಇರತದಲ್ರಿ" ಅಂದ್ರು. ದೊಡ್ಡ ಮನಿ ಕಷ್ಟ ಎಲ್ಲಾರಿಗೂ ತಿಳೀತದ, ಒಬ್ಬೊಬ್ಬರ ಕಷ್ಟ ಯಾರಿಗೂ ತಿಳಿಯೂದಿಲ್ಲ.

ನಮ್ಮ ಮಗಾ ಫೋನಿನಾಗ ನನ್ನ ಜೋಡಿ ವಾದಾ ಮಾಡತಾನ. "ಅವ್ವಾ, ಅವರಿಗೆ ಕೋಟಿಗಟ್ಟಲೆ ರೊಕ್ಕ ಕೊಡತಾರ. ಕಾರಖಾನಿ ಆಳಿಗೂ ಅವರಿಗೂ ಎಲ್ಲಿ ಹೋಲಿಸ್ತಿ?" ಅಂತಾನ. ಖರೆ ಅದ. ಲೂಕಾ ಉಪಾಸ ಬೀಳೂದಿಲ್ಲ. ಆದ್ರ ರೊಕ್ಕದ ಲೆಕ್ಕನ ಹೇಳತೇನಿ ಕೇಳ್ರಿ. ತನ್ನ ಟೀಮಿನಾಗನ ಉಳದ ದೊಡ್ಡ ಆಟಗಾರಗ ಎನ್‌ಬಿಎ ನಿಯಮದ ಪ್ರಕಾರ ಹೆಚ್ಚಿನ ಕರಾರು ಸಿಗತದ. ಸೂಪರ್‌ಮ್ಯಾಕ್ಸ್ ಅಂತಾರ ಅದಕ್ಕ. ಮನಿ ಬಿಡಬ್ಯಾಡ, ನಿಷ್ಠಾದಿಂದ ಇರು ಅಂತ ಹಚ್ಚಿದ ಆಸೆ ಅದು. ಲೂಕಾಗ ಅದು 5 ವರ್ಷಕ್ಕ ಸುಮಾರು 34.5 ಕೋಟಿ ಡಾಲರ್ ಆಗೂದಿತ್ತು, ಇನ್ನ ಸ್ವಲ್ಪ ತಿಂಗಳಿಗೆ ಸಹಿ ಹಾಕೂದು. ಟ್ರೇಡ್ ಆದ ಕೂಡ್ಲೆ ಆ ಹಕ್ಕು ಹೋತು. ತಾನಾಗೇ ಬಿಟ್ಟು ಹೋಗಿದ್ರ "ನಿನ್ನ ಕೈಯಾರೆ ಕಳಕೊಂಡಿ" ಅನ್ನಬಹುದಿತ್ತು. ಅಂವ ಎಲ್ಲೂ ಹೋಗತೇನಿ ಅಂದಿರಲಿಲ್ಲ. ಕಳಿಸಿದವರು ಅವರು, ದಂಡಾ ಬಿದ್ದಿದ್ದು ಇವಂಗ! ರೊಕ್ಕ ಭಾಳ ಅದ ಅಂದಕೂಡ್ಲೆ ಅನ್ಯಾಯ ನ್ಯಾಯ ಆಗೂದಿಲ್ಲ.

ಇನ್ನೊಂದು ವಾದ ಇದಕ್ಕಿಂತ ಗಟ್ಟಿ ಅದ. "ಟೀಮು ಇರೂದ ಗೆಲ್ಲಾಕ. ಗೆದ್ರ ಎಲ್ಲಾರಿಗೂ ಸಂತೋಷ ಅಲ್ಲೇನು?" ಅಂತ. ಇದಕ್ಕ ಉದಾಹರಣೆ ಟೊರಾಂಟೊ. ಡಿಮಾರ್ ಡಿರೋಜನ್ ಅಲ್ಲೆ 9 ಸೀಜನ್ ಆಡಿದ್ದ. ಬ್ಯಾರೆ ದೊಡ್ಡ ಆಟಗಾರರು ಕೆನಡಾದ ಆ ಊರು ಬಿಟ್ಟು ಹೋದ್ರೂ ಇಂವ ಇದ ನನ್ನೂರು ಅಂತ ಇದ್ದ. 2018ರಾಗ ಅವನ್ನ ಕೊಟ್ಟು ಕವಾಯ್ ಲೆನರ್ಡ್‌ನ ತಂದ್ರು. ತನ್ನನ್ನ ಕಳಸೂದಿಲ್ಲ ಅಂತ ಹೇಳಿದ್ರು ಅಂತ ಡಿರೋಜನ್ ಭಾಳ ನೊಂದುಕೊಂಡ. ಟೀಮಿನ ಮುಖ್ಯಸ್ಥರು ಆಮ್ಯಾಲೆ ಎಲ್ಲಾರ ಮುಂದ ಕ್ಷಮಾ ಕೇಳಿದ್ರು. ಮರುವರ್ಷ, 2019ರಾಗ, ಟೊರಾಂಟೊ ಕಪ್ ಗೆದ್ದಿತು. ಕೆನಡಾಕ್ಕ ಅದ ಮೊದಲನೇದು. ಕವಾಯ್ ಒಂದ ವರ್ಷ ಇದ್ದು ಲಾಸ್ ಏಂಜಲೀಸಿಗೆ ಹ್ವಾದ.

ಅಂದಮ್ಯಾಲೆ ಟೊರಾಂಟೊದವರು ಮಾಡಿದ್ದು ಸರಿ ಆತಲ್ಲಾ? ಆಟದ ಲೆಕ್ಕದಾಗ ಸರಿ. ನಾ ಅದನ್ನ ಇಲ್ಲ ಅನ್ನೂದಿಲ್ಲ. ಟ್ರೇಡ್ ಮಾಡಲೇಬಾರದು ಅಂತೂ ನನ್ನ ಮಾತಲ್ಲ. ಮಾಡಿದ್ರ ಕೇಳಿ ಮಾಡ್ರಿ, ಹೇಳಿ ಮಾಡ್ರಿ. ಮಾಡಿದಮ್ಯಾಲೆ ನಾಳೆ ಇನ್ನೊಬ್ಬ ಆಟಗಾರ ಕರಾರು ಮುಗಿಸಿ ಹೊಂಟು ನಿಂತಾಗ ಅವನ ಮ್ಯಾಲೆ ದ್ರೋಹದ ಮಾತು ಹಾಕಬ್ಯಾಡ್ರಿ. ಅದು ವ್ಯವಹಾರ ಅಂದ್ರ ಎರಡೂ ಕಡೆ ವ್ಯವಹಾರ. ಅದು ಮನಿತನ ಅಂದ್ರ ಎರಡೂ ಕಡೆ ಮನಿತನ. ತಮಗ ಬೇಕಾದಾಗ ಮನಿತನ, ಬ್ಯಾಡಾದಾಗ ವ್ಯವಹಾರ, ಹಂಗಾಗೂದಿಲ್ಲ.

ಡಲ್ಲಾಸಿಂದು ಮುಂದ ಏನಾತು ಅಂತ ಕೇಳತೀರಿ. ಡೇವಿಸ್ ತನ್ನ ಮೊದಲನೇ ಮ್ಯಾಚಿನಾಗ ಛೊಲೊ ಆಡಕೋತನ ಪೆಟ್ಟು ಮಾಡ್ಕೊಂಡು ಕೂತ. ಮಾರ್ಚದಾಗ ಕೈರಿ, ಅಂವ ಅಷ್ಟೊತ್ತಿಗೆ ಡಲ್ಲಾಸಿನಾಗ ಇದ್ದ, ಮೊಣಕಾಲ ನರಾ ಹರಕೊಂಡ. ಟೀಮು 39 ಗೆದ್ದು 43 ಸೋತು ಪ್ಲೇಆಫಿನಿಂದ ಹೊರಗುಳೀತು. ಏಪ್ರಿಲ್‌ದಾಗ ಲೂಕಾ ಲೇಕರ್ಸ್ ಅಂಗಿ ಹಾಕ್ಕೊಂಡು ಡಲ್ಲಾಸಿಗೆ ಆಡಾಕ ಬಂದ. ಕುರ್ಚಿ ಕುರ್ಚಿ ಮ್ಯಾಲೆ ಅವನ ಭಾಷಾದಾಗ ಧನ್ಯವಾದ ಬರದಿದ್ದ ಟೀ ಶರ್ಟ್ ಇಟ್ಟಿದ್ರು. ಅವನ ಹಳೇ ಆಟದ ವಿಡಿಯೋ ಹಾಕಿದಾಗ ಬೆಂಚಿನ ಮ್ಯಾಲೆ ಕೂತು ಟಾವೆಲ್ ಮಾರಿಗೆ ಹಿಡಕೊಂಡು ಅತ್ತ. ಇಲ್ಲೆ ನಾನೂ ಸೆರಗು ಹಿಡಕೊಂಡೆ. ಆಮ್ಯಾಲೆ ಎದ್ದು 45 ಪಾಯಿಂಟ್ ಹೊಡದು ಗೆದ್ದು ಹ್ವಾದ. ಡಲ್ಲಾಸಿನ ಮಂದಿ ಎದುರಿನ ಟೀಮಿನಾಂವಗ ಚಪ್ಪಾಳಿ ಹೊಡದ್ರು. ನವೆಂಬರ್‌ದಾಗ ಹ್ಯಾರಿಸನ್ನನ್ನೂ ಕೆಲಸದಿಂದ ತಗದ್ರು.

"ಮಾಡಿದ್ದುಣ್ಣೋ ಮಹಾರಾಯ" ಅಂತ ನಮ್ಮ ವೈನಿ ಅಂದ್ರು. ನಂಗ ಆ ಮಾತು ಪೂರ್ತಿ ಒಪ್ಪಿಗಿ ಆಗಲಿಲ್ಲ. ಯಾಕಂದ್ರ ಡೇವಿಸ್‌ಗ, ಕೈರಿಗೆ ಪೆಟ್ಟಾಗಿದ್ದು ಯಾರ ಪಾಪಾನೂ ಅಲ್ಲ. ಮ್ಯಾಲೆ ಡಲ್ಲಾಸಿಗೆ ಬರೇ 1.8 ಪರ್ಸೆಂಟ್ ಅವಕಾಶ ಇದ್ದಾಗ ಲಾಟರಿ ಹೊಡದು ಡ್ರಾಫ್ಟಿನ ಮೊದಲನೇ ನಂಬರ್ ಸಿಕ್ತು, ಕೂಪರ್ ಫ್ಲ್ಯಾಗ್ ಅನ್ನೋ ಬಂಗಾರದಂಥಾ ಹುಡುಗ ಬಂದ. ತಪ್ಪು ಮಾಡಿದವರಿಗೆ ಶಿಕ್ಷಾನ ಆಗತದ ಅಂತ ಏನಿಲ್ಲ, ಬಹುಮಾನಾನೂ ಸಿಗತದ. ಅದಕ್ಕ, ಸೋತ್ರು ಅಂತ ತಪ್ಪು ಅನ್ನಬಾರದು, ಗೆದ್ರು ಅಂತ ಸರಿ ಅನ್ನಬಾರದು. ಡಲ್ಲಾಸ್ ನಾಳೆ ಕಪ್ ಗೆದ್ರೂ, 7ನೇ ಸೀಜನ್ ಆಡಲಿಕ್ಕೆ ಹತ್ತಿದ ಹುಡುಗಗ ಒಂದು ಮಾತು ಕೇಳಲಿಲ್ಲ ಅನ್ನೋದು ಹಂಗ ಉಳೀತದ.

ನಂಗ ಕೇಳಿದ್ರ ಒಂದು ನಿಯಮ ಬೇಕು. ಈಗ ನನ್ನ ಒಪ್ಪಿಗಿ ಇಲ್ಲದ ಟ್ರೇಡ್ ಮಾಡಬಾರದು ಅಂತ ಕರಾರಿನಾಗ ಬರಸಬೇಕಂದ್ರ ಲೀಗಿನಾಗ 8 ವರ್ಷ ಆಗಿರಬೇಕು, ಅದರಾಗ 4 ವರ್ಷ ಅದ ಟೀಮಿಗೆ ಆಡಿರಬೇಕು. ಅಷ್ಟಾದ್ರೂ ಟೀಮಿನವರು ಒಪ್ಪಿದ್ರ ಮಾತ್ರ, ಮತ್ತ ಒಪ್ಪೂದು ಭಾಳ ಅಪರೂಪ. ಅದನ್ನ ಇಳಸ್ರಿ. ಒಂದ ಟೀಮಿಗೆ 5 ವರ್ಷ ಆಡಿದ ಯಾವ ಆಟಗಾರನ್ನೂ ಕೇಳದ ಕಳಸಬಾರದು, ಅಂವ ದೊಡ್ಡಾಂವ ಇರ್ಲಿ ಸಣ್ಣಾಂವ ಇರ್ಲಿ. ಕಳಿಸಿದ್ರೂ ಉಳದವರಿಗಂತ ಇಟ್ಟ ರೊಕ್ಕದ ಹಕ್ಕು ಅವನ ಜೋಡಿನ ಹೋಗಬೇಕು. ಯಾಕಂದ್ರ ಅಂವ ಬಿಟ್ಟಿಲ್ಲ, ಅವರು ಬಿಡಿಸ್ಯಾರ.

ಇನ್ನ ನೋಡೋ ಮಂದಿಗೆ, ಅಂದ್ರ ನಮಗ, ನಿಯಮ ಯಾರೂ ಮಾಡಾಕಾಗೂದಿಲ್ಲ. ನಾವ ಮಾಡ್ಕೋಬೇಕು. ಈ ಕೂಪರ್ ಫ್ಲ್ಯಾಗ್ ಬಂದಾಗ 18 ವರ್ಷದಾಂವ. ಎತ್ತರ ಆಳು, ಡಿಫೆನ್ಸೂ ಮಾಡತಾನ, ಚೆಂಡೂ ಹಂಚತಾನ, ಅಹಂಕಾರ ಕಾಣೂದಿಲ್ಲ. ನಂಗ ಭಾಳ ಸೇರ್ಯಾನ. ಅಂವ ಮುಂದೊಂದಿನ ಕರಾರು ಮುಗಿಸಿ "ನಾ ಬ್ಯಾರೆ ಊರಿಗೆ ಹೋಗತೇನಿ" ಅಂದ್ರ ನಂಗ ಕೆಟ್ಟ ಅನಸ್ತದ, ಖರೆ. ಆದ್ರ ಡಲ್ಲಾಸಿನವರಿಗೆ ಅವತ್ತ ಅವನ್ನ ದ್ರೋಹಿ ಅನ್ನೋ ಬಾಯಿ ಇರಬಾರದು. ಅವರ ಜರ್ಸಿ ಸುಡಾಕ ಬಂದ್ರ ಲೂಕಾನ ಹೆಸರು ತಗೀತೇನಿ ನಾನು.

ನಿಮ್ಮ ಮನ್ಯಾಗ ಬಾಸ್ಕೆಟ್‌ಬಾಲ್ ನೋಡೋ ಹುಡುಗ್ರು ಇದ್ರ ಇದನ್ನ ಓದಿ ಹೇಳ್ರಿ. ಅವರು ಒಪ್ಪಲಿಲ್ಲಂದ್ರ ನಂಗ ಫೋನ್ ಹಚ್ಚಿ ಕೊಡ್ರಿ, ನಾ ಮಾತಾಡತೇನಿ. ಮುಂಜಾನೆ ಏಳರಿಂದ ಒಂಬತ್ತೂವರಿ ತನಕಾ ಮಾತ್ರ ಮಾಡಬ್ಯಾಡ್ರಿ, ಮ್ಯಾಚ್ ಇರತದ.